ಕಾಳಿಗೊಂದು ಕಲ್ಲು

ಇತಿಹಾಸವನ್ನು ಅಭ್ಯಸಿಸುವ ವಿಶ್ವವಿದ್ಯಾನಿಲಯದ ಎಷ್ಟೋ ವಿದ್ಯಾರ್ಥಿಗಳಿಗೆ ಕ್ರಿ.ಶ. 949ರ ತಕ್ಕೋಲಂ ಕದನ ಪರೀಕ್ಷೆಗೆಂದು ಕಂಠಪಾಠ ಮಾಡಿದ ಒಂದು ಇಸವಿ ಮಾತ್ರ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರು ಶಾಸನದೆದುರು ನಿಂತಾಗ ಆ ಇಸವಿಗೆ ಜೀವ ಬರುತ್ತದೆ.

ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಕಾದಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನೆಂದು ಶಾಸನ ಸಾರುತ್ತದೆ. ಚೋಳರ ತಾಮ್ರಶಾಸನಗಳಾದರೋ ರಾಜಾದಿತ್ಯನು ಆನೆಯ ಮೇಲೆಯೇ ವೀರಸ್ವರ್ಗವನ್ನು ಸೇರಿದನೆನ್ನುತ್ತವೆ. ಒಂದೇ ಸಾವು, ಎರಡು ನೆನಪು. ಎರಡನ್ನೂ ಓದದೆ ತೀರ್ಪು ಕೊಡಲಾಗದೆಂಬುದು ಇಲ್ಲಿಯ ಮೊದಲ ಪಾಠ.

ಎರಡನೆಯದು ಇನ್ನೂ ಆಳವಾದುದು. ಕಲ್ಲಿನ ಮೇಲ್ಭಾಗದಲ್ಲಿ ಕೆತ್ತಿರುವುದು ಅರಸರನ್ನಲ್ಲ. ಸೆಣಸುತ್ತಿರುವ ನಾಯಿ ಮತ್ತು ಹಂದಿಯನ್ನು. ಬೂತುಗನ ವೀರ ಮಣಲೆರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಕಾಳಿಗಾಗಿ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡರೆ ಪೂಜಾರಿಗೆ ಪಾಪವೆಂದೂ ಬರೆಸಿದರು.

ಸಾಮ್ರಾಟರ ಕದನದ ಸುದ್ದಿ ನಮಗೆ ತಲುಪಿದ್ದು ಒಂದು ನಾಯಿಯ ಸ್ಮಾರಕದ ಮೂಲಕ! ಯಾರನ್ನು ನೆನೆಯಬೇಕೆಂದು ಹಿಂದಿನವರು ಹೇಗೆ ನಿರ್ಧರಿಸಿದರೆಂಬುದೂ ಇತಿಹಾಸವೇ. ಅದನ್ನರಿಯಲು ತರಗತಿಯ ಟಿಪ್ಪಣಿ ಸಾಲದು. ಕಲ್ಲಿನೆದುರು ಒಂದಿಷ್ಟು ಹೊತ್ತು ಮೌನವಾಗಿ ನಿಲ್ಲಬೇಕು.