ನೀಲಗಿರಿ ಎಲೆಯೊಳಗೆ ಏನಿದೆ?

ಕೆಳಗೆ ಬಿದ್ದಿರುವ ಒಂದು ಎಲೆ ಎತ್ತಿಕೊಂಡು ಬಿಸಿಲಿಗೆ ಹಿಡಿಯಿರಿ. ಸೂಜಿಯಿಂದ ಚುಚ್ಚಿದಂತೆ ಕಾಣುವ ಚುಕ್ಕಿಗಳೆಲ್ಲ ಎಣ್ಣೆಯ ಗ್ರಂಥಿಗಳು. ಹಿಸುಕಿದರೆ ಅವು ಒಡೆದು, ನೆಗಡಿಯಾದಾಗ ಮನೆಯಲ್ಲಿ ಹಬೆ ಹಿಡಿಸುತ್ತಿದ್ದ ಅದೇ ಘಾಟು ಮೂಗಿಗೆ ಅಡರುತ್ತದೆ.

ಆ ಘಾಟಿನ ಮುಖ್ಯ ಭಾಗ ಸಿನಿಯೋಲ್. ಔಷಧಕ್ಕೆ ಬಳಸುವ ನೀಲಗಿರಿ ಎಣ್ಣೆಯಲ್ಲಿ ಇದು ಕನಿಷ್ಠ ಶೇ. 70ರಷ್ಟಿರಬೇಕು. ಕಫವನ್ನು ಸಡಿಲಿಸುವುದು ಇದರ ಗುಣ. ಉಸಿರೆಳೆದಾಗ ಮೂಗು ತಣ್ಣಗಾದಂತೆ ಅನಿಸುತ್ತದಲ್ಲ, ಅದು ನಿಜವಾದ ತಂಪಲ್ಲ. ಚಳಿಯನ್ನು ಗುರುತಿಸುವ ನರತುದಿಗಳನ್ನು ಸಿನಿಯೋಲ್ ಕೆಣಕುತ್ತದೆ, ಅಷ್ಟೇ. ನಿಂಬೆ ವಾಸನೆಯ ಜಾತಿಯ ಎಲೆಯಲ್ಲಿ ಸಿನಿಯೋಲ್‌ಗಿಂತ ಸಿಟ್ರೊನೆಲ್ಲಾಲ್ ಹೆಚ್ಚು.

ಆಹಾರವಾಗಿ ಮಾತ್ರ ಈ ಎಲೆ ಬಡವ. ನಾರು ಹೆಚ್ಚು, ಪ್ರೋಟೀನ್ ಕಡಿಮೆ. ಇರುವ ಪ್ರೋಟೀನನ್ನೂ ಟ್ಯಾನಿನ್ ಹಿಡಿದಿಟ್ಟುಕೊಳ್ಳುತ್ತದೆ. ಆಸ್ಟ್ರೇಲಿಯದ ಕೋಆಲಾ ಇದನ್ನೇ ತಿಂದು ಬದುಕುತ್ತದೆ. ಅದರ ಯಕೃತ್ತು ಎಲೆಯ ವಿಷವನ್ನು ಮುರಿಯುತ್ತದೆ, ಸುಮಾರು 2 ಮೀಟರ್ ಉದ್ದದ ಕುರುಡುಗರುಳು ನಾರನ್ನು ಕೊಳೆಸುತ್ತದೆ. ಇಷ್ಟಾದರೂ ದಕ್ಕುವ ಶಕ್ತಿ ಅಲ್ಪ, ಹಾಗಾಗಿ ದಿನದ ಬಹುಪಾಲು ನಿದ್ದೆ.

ಮರ ಆಸ್ಟ್ರೇಲಿಯದ್ದು, ಹೆಸರು ನಮ್ಮ ಬೆಟ್ಟದ್ದು. 1843ರಲ್ಲಿ ನೀಲಗಿರಿ ಬೆಟ್ಟಗಳಲ್ಲಿ ಇದನ್ನು ನೆಟ್ಟರು. ಊಟಿಯ ಸುತ್ತಮುತ್ತ ಎಲೆಯನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುವ ಕೆಲಸ ಬೆಳೆದದ್ದು ಆಮೇಲೆ.

ಎಣ್ಣೆಯನ್ನು ಕುಡಿಯಬೇಡಿ. ಸ್ವಲ್ಪವೇ ಹೊಟ್ಟೆಗೆ ಹೋದರೂ ಮಕ್ಕಳಿಗೆ ಫಿಟ್ಸ್ ಬರಬಹುದು. ಹಸುಗೂಸಿನ ಮೂಗಿನ ಬಳಿ ಹಚ್ಚಬೇಡಿ, ಸೀಸೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.