ಕಪ್ಪು ಪಾಪೆಯೊಳಗಿನ ಕೆಂಪು ಬೆಳಕು

ಕಿಂಗ್ಸ್‌ಬರಿಯ ನಮ್ಮ ಜಿಪಿ ಹತ್ತಿರ ಮಗಳನ್ನ ಆರು ವಾರದ ತಪಾಸಣೆಗೆ ಕರಕೊಂಡು ಹೋಗಿದ್ವಿ. ಡಾಕ್ಟರ್ ಪಕ್ಕದಲ್ಲಿ ಒಬ್ಬ ಮೆಡಿಕಲ್ ವಿದ್ಯಾರ್ಥಿನಿ ಇದ್ದಳು. ‘ಇವರೂ ಒಮ್ಮೆ ಕಣ್ಣು ನೋಡಬಹುದಾ?’ ಅಂತ ಡಾಕ್ಟರ್ ಕೇಳಿದರು. ಹೂಂ ಅಂದ್ವಿ. ಅವಳು ದೀಪ ಆರಿಸಿ, ಒಂದು ಪುಟ್ಟ ಉಪಕರಣವನ್ನು ತನ್ನ ಕಣ್ಣಿಗೆ ಹಿಡಿದು ಮಗುವಿನ ಪಾಪೆಯೊಳಗೆ ಇಣುಕಿದಳು. ಏನೂ ಕಾಣಲಿಲ್ಲ. ಇನ್ನೊಮ್ಮೆ ನೋಡಿದಳು, ಆಗಲೂ ಇಲ್ಲ. ಮೂರನೇ ಸಲ ‘ಓ!’ ಅಂದಳು. ಎರಡೂ ಕಣ್ಣಲ್ಲಿ ಕೆಂಪು ಹೊಳಪು.

ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣು ಕೆಂಪಗೆ ಬರುತ್ತಲ್ಲ, ಇದೂ ಅದೇ. ಬೆಳಕು ಕಣ್ಣಿನ ಹಿಂಭಾಗದ ಪರದೆಗೆ ತಾಗಿ ವಾಪಸ್ ಬರುತ್ತೆ. ಹುಟ್ಟಿನಿಂದಲೇ ಪೊರೆ ಇದ್ದರೆ ಆ ಕೆಂಪಿನಲ್ಲಿ ಕಪ್ಪು ನೆರಳು ಕಾಣಬಹುದು. ಒಳಗೆ ಗಡ್ಡೆ ಇದ್ದರೆ ಹೊಳಪು ಬೆಳ್ಳಗಾಗಬಹುದು. ಇಂಗ್ಲೆಂಡಿನಲ್ಲಿ ಹುಟ್ಟಿದ 72 ಗಂಟೆಯೊಳಗೆ ಒಮ್ಮೆ, 6ರಿಂದ 8 ವಾರದಲ್ಲಿ ಇನ್ನೊಮ್ಮೆ ಮಕ್ಕಳಿಗೆ ಈ ಪರೀಕ್ಷೆ ಇರುತ್ತೆ. ಎರಡನೆಯದನ್ನು ಸಾಮಾನ್ಯವಾಗಿ ಮಾಡೋದು ಕಣ್ಣಿನ ತಜ್ಞರಲ್ಲ, ಜಿಪಿ.

ಆ ಉಪಕರಣದ ಹೆಸರು ಆಫ್ತಾಲ್ಮೋಸ್ಕೋಪ್. ಅದು ಹುಟ್ಟಿದ್ದೂ ಪಾಠ ಹೇಳುವಾಗಲೇ. 1850ರಲ್ಲಿ ಕೋನಿಗ್ಸ್‌ಬರ್ಗ್‌ನ ಪ್ರೊಫೆಸರ್ ಹೆಲ್ಮ್‌ಹೋಲ್ಟ್ಸ್ ವಿದ್ಯಾರ್ಥಿಗಳ ಪಾಠಕ್ಕೆ ತಯಾರಿ ಮಾಡ್ತಿದ್ದರು. ಪಾಪೆ ಕಪ್ಪಗೆ ಕಾಣೋದು ಯಾಕೆ? ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ಹಿಂತಿರುಗುತ್ತೆ. ಅದನ್ನು ನೋಡೋಕೆ ಆ ದಾರಿಯಲ್ಲಿ ತಲೆ ಇಟ್ಟರೆ, ತಲೆ ದೀಪಕ್ಕೇ ಅಡ್ಡ! ಅವರು ತೆಳು ಗಾಜುಗಳನ್ನು ಓರೆಯಾಗಿಟ್ಟು ಬೆಳಕನ್ನು ಕಣ್ಣೊಳಗೆ ತಿರುಗಿಸಿದರು, ಅದೇ ಗಾಜಿನ ಮೂಲಕ ನೋಡಿದರು. 1851ರಲ್ಲಿ ಅದರ ಬಗ್ಗೆ ಪುಸ್ತಕ ಬಂತು. ಜೀವಂತ ಕಣ್ಣಿನ ನರ ವೈದ್ಯರಿಗೆ ಕಂಡಿತು.

ಈಗ ನಮ್ಮ ಕಡೆ ಬರೋಣ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ 1896ರಲ್ಲೇ ಶುರುವಾಗಿತ್ತು. ಆದರೆ ಬಾಗಲಕೋಟೆ ಕಡೆಯವರಿಗೆ ಬೆಂಗಳೂರು ಎಲ್ಲಿ, ಊರು ಎಲ್ಲಿ? ಅದೇ ಸೀಮೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಆಸ್ಪತ್ರೆಯನ್ನೇ ಹಳ್ಳಿಗೆ ಒಯ್ದರು. 1943ರಿಂದ ಊರೂರಿನಲ್ಲಿ ಶಿಬಿರ ಮಾಡಿದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ಪುಸ್ತಕದಲ್ಲಿದೆ. ಒಟ್ಟು ಲೆಕ್ಕ 6 ಲಕ್ಷ ದಾಟಿತ್ತು. 1968ರಲ್ಲಿ ಪದ್ಮಭೂಷಣ ಬಂತು.

ಲೆಕ್ಕವೇ ನನ್ನ ಕೆಲಸ. ಹಾಗಾಗಿ ಸಂಖ್ಯೆ ಕಂಡರೆ ನನಗೆ ಮೊದಲು ಬರೋ ಪ್ರಶ್ನೆ: ಇಲ್ಲಿ ಎಣಿಸದೇ ಬಿಟ್ಟಿದ್ದು ಏನು? ಶಸ್ತ್ರಚಿಕಿತ್ಸೆಗಳನ್ನು ಎಣಿಸೋದು ಸುಲಭ. ಜ್ವರಕ್ಕೋ ಸಕ್ಕರೆ ಕಾಯಿಲೆಗೋ ಬಂದವರ ಕಣ್ಣನ್ನು ಊರಿನ ಡಾಕ್ಟರ್ ಒಮ್ಮೆ ನೋಡಿ, ‘ಬೇಗ ದೊಡ್ಡಾಸ್ಪತ್ರೆಗೆ ಹೋಗಿ’ ಅಂದಿದ್ದು ಯಾವ ದಾಖಲೆ ಪುಸ್ತಕಕ್ಕೂ ಬರಲ್ಲ. 1976ರಲ್ಲಿ ಭಾರತ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಣ್ಣಿನ ತರಬೇತಿ ಇರುವ ಸಹಾಯಕರನ್ನು ತರುವುದೂ ಅದರ ಭಾಗವಾಗಿತ್ತು. ನನ್ನ ಪ್ರಕಾರ ಅದು 833ಕ್ಕಿಂತ ದೊಡ್ಡ ಸುದ್ದಿ.

ಇದನ್ನು ನಾನು ಸುಮ್ಮನೆ ಹೇಳ್ತಿಲ್ಲ. ನನ್ನ ಅವ್ವನ ತಾಯಿ, ಅಂದರೆ ನಮ್ಮ ಅಜ್ಜಿ, ಊರ ಹತ್ತಿರದ ಒಂದು ಶಿಬಿರಕ್ಕೆ ಹೋಗಿದ್ದಳು. ಬಲಗಣ್ಣಿನ ಪೊರೆ ತೆಗೆದರು, ದಪ್ಪ ಕನ್ನಡಕ ಬಂತು. ಎಡಗಣ್ಣು ಬರಲಿಲ್ಲ. ಅದು ಪೊರೆ ಅಲ್ಲ, ಗ್ಲಾಕೋಮಾ. ನರ ಆಗಲೇ ಸತ್ತಿತ್ತು. ಗ್ಲಾಕೋಮಾದಲ್ಲಿ ಹೆಚ್ಚಾಗಿ ನೋವಿರಲ್ಲ. ಅಂಚಿನಿಂದ ದೃಷ್ಟಿ ಕರಗುತ್ತಾ ಬರುತ್ತೆ, ಹೋದದ್ದು ತಿರುಗಿ ಬರಲ್ಲ. ಅದಕ್ಕೂ ಮೊದಲು ಅಜ್ಜಿ ಎಷ್ಟೋ ಡಾಕ್ಟರುಗಳಿಗೆ ಕೈ ನಾಡಿ ತೋರಿಸಿದ್ದಳು. ಯಾರೂ ಕಣ್ಣೊಳಗೆ ನೋಡಿರಲಿಲ್ಲ.

ತಂದೆ, ತಾಯಿ, ಒಡಹುಟ್ಟಿದವರಿಗೆ ಅಥವಾ ಮಕ್ಕಳಿಗೆ ಗ್ಲಾಕೋಮಾ ಇದ್ದರೆ, ಇಲ್ಲಿ 40 ದಾಟಿದವರಿಗೆ ಎನ್‌ಎಚ್‌ಎಸ್ ಕಣ್ಣಿನ ಪರೀಕ್ಷೆ ಉಚಿತ. ಅದನ್ನು ಓದುವಾಗ ಅವ್ವ ನೆನಪಾದಳು. ರಾತ್ರಿ ಬಾಗಲಕೋಟೆಗೆ ಫೋನ್ ಮಾಡಿ ಕೇಳಿದೆ: ‘ಅವ್ವಾ, ಯಾರಾದರೂ ನಿನ್ನ ಕಣ್ಣಿನ ನರ ನೋಡ್ಯಾರೇನು?’

‘ಕನ್ನಡಕದ ಅಂಗಡ್ಯಾಗ ನಂಬರ್ ನೋಡ್ಯಾರಲ್ಲೋ, ಸಾಕಾಗಂಗಿಲ್ಲೇನು?’ ಅಂದಳು.

ಗುರುವಾರಕ್ಕೆ ಕಣ್ಣಿನ ಡಾಕ್ಟರ್ ಹತ್ತಿರ ಅವಳ ಹೆಸರು ಬರೆಸಿದ್ದೀನಿ.