ಎಫ್6 ಕೀಲಿಯ ಕಾಲ

ನಂದಿಗುಡಿಯ ರೈತರ ಪಹಣಿ ಕಂಪ್ಯೂಟರಿಗೆ ಏರಿದ್ದು 2000ರ ಆಸುಪಾಸಿನಲ್ಲಿ, ಭೂಮಿ ಯೋಜನೆಯಡಿ. ನಂದಿಗುಡಿ ಇರುವ ಹರಿಹರ ತಾಲ್ಲೂಕು 1997ರಲ್ಲಷ್ಟೇ ಚಿತ್ರದುರ್ಗದಿಂದ ಬಿಡಿಸಿಕೊಂಡು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತ್ತು. ಕೈಬರಹದ ಪಹಣಿ ಹಿಂದೆ ಸರಿದು, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಹಾರ್ಡ್‌ ಡಿಸ್ಕ್‌ಗಳ ವಶವಾದವು.

ಆ ಡಿಸ್ಕ್ ಏಳದೇ ಹೋದರೆ?

ಆ ದಶಕದ ರಿಪೇರಿಯವರಿಗೆಲ್ಲ ‘7ಬಿ’ ಎಂದು ಮುಗಿಯುವ ದೋಷಸಂಕೇತದ ನೀಲಿ ಪರದೆ ಚೆನ್ನಾಗಿ ಗೊತ್ತು. ಎಷ್ಟೋ ಸಲ ಡಿಸ್ಕ್ ಗಟ್ಟಿಯಾಗಿಯೇ ಇರುತ್ತಿತ್ತು. ಅದರ ಕಂಟ್ರೋಲರ್ ಜೊತೆ ಮಾತಾಡುವ ಡ್ರೈವರ್ ವಿಂಡೋಸ್ ಏಳುವ ಹೊತ್ತಿಗೆ ಹಾಜರಿರುತ್ತಿರಲಿಲ್ಲ, ಅಷ್ಟೆ. 2001ರ ಎಕ್ಸ್‌ಪಿಗೆ ಸಾಟಾ ಡಿಸ್ಕ್‌ಗಳ ಎಎಚ್‌ಸಿಐ ವಿಧಾನದ ಪರಿಚಯವೇ ಇರಲಿಲ್ಲ. ಇನ್‌ಸ್ಟಾಲ್ ಮಾಡುವಾಗ ಎಫ್6 ಒತ್ತಿ, ಫ್ಲಾಪಿಯಿಂದ ಡ್ರೈವರ್ ಉಣಿಸಬೇಕಿತ್ತು. ಫ್ಲಾಪಿ ಡ್ರೈವ್ ಮೂಲೆ ಸೇರಿದ ಮೇಲೂ ಈ ಹಟ ತಪ್ಪಲಿಲ್ಲ!

ವಿಸ್ಟಾ, ವಿಂಡೋಸ್ 7 ಬಂದಾಗ ಡ್ರೈವರ್ ಒಳಗೇ ಇತ್ತು. ಆದರೆ ವಿಂಡೋಸ್ ಹಳೆಯ ಐಡಿಇ ವಿಧಾನದಲ್ಲಿ ಇನ್‌ಸ್ಟಾಲ್ ಆಗಿದ್ದರೆ ಆ ಡ್ರೈವರ್ ಮಲಗಿರುತ್ತಿತ್ತು. ರಿಜಿಸ್ಟ್ರಿಯಲ್ಲಿ ಪ್ರತಿ ಡ್ರೈವರ್‌ಗೂ ‘ಸ್ಟಾರ್ಟ್’ ಎಂಬ ಅಂಕಿ: 0 ಎಂದರೆ ಬೂಟ್ ಆಗುವಾಗಲೇ ಏಳು, 3 ಎಂದರೆ ಕರೆದಾಗ ಬಾ, 4 ಎಂದರೆ ಬರಲೇಬೇಡ. ವಿಂಡೋಸ್ 7ರಲ್ಲಿ ‘ಎಂಎಸ್‌ಎಎಚ್‌ಸಿಐ’ ಡ್ರೈವರ್‌ನ 3 ಅಳಿಸಿ 0 ಬರೆದು, ಆಮೇಲೆ ಬಯೋಸ್‌ನಲ್ಲಿ ವಿಧಾನವನ್ನು ಎಎಚ್‌ಸಿಐಗೆ ಬದಲಿಸಿದರೆ ಯಂತ್ರ ಸಲೀಸಾಗಿ ಏಳುತ್ತದೆ. ಕ್ರಮ ಹಿಂದುಮುಂದಾದರೆ ಮತ್ತದೇ ನೀಲಿ ಪರದೆ.

ಹಳೆಯ ಯಂತ್ರ ಇನ್ನೂ ಬಳಸುವವರು ಡಿಸ್ಕ್ ಎಸೆಯುವ ಮುನ್ನ ಬಯೋಸ್‌ನಲ್ಲಿ ಹಳೆಯ ವಿಧಾನಕ್ಕೆ ಮರಳಿ ನೋಡಿ.